ಕಂಡವಳ ಸಾಕ್ಷ್ಯ

ಸಾಯಗಾಂವ, ಭಾಲ್ಕಿ ತಾಲ್ಲೂಕು
18 ಜೂನ್ 2023

ಪೂಜ್ಯ ಮಂಗೇಶ ಮಾಮಾ ಅವರಿಗೆ ನಿಮ್ಮ ಅಕ್ಕನ ಮಗಳು ಸಾನಿಕಾ ಮಾಡುವ ಸಾಷ್ಟಾಂಗ ನಮಸ್ಕಾರಗಳು.

ಫೋನ್ ಮಾಡಿ ಹೇಳಹೋದರೆ ನೀವು "ಇದು ಫೋನಿನ್ಯಾಗ ಹೇಳೂ ಮಾತಲ್ಲ, ಬರದು ಕಳಸು" ಎಂದಿರಿ. ಕಾಲೇಜು ಬಿಟ್ಟ ಮೇಲೆ ಇಷ್ಟು ಉದ್ದ ಬರೆಯುತ್ತಿರುವುದು ಇದೇ ಮೊದಲು. ತಪ್ಪಿದ್ದರೆ ತಿದ್ದಿಕೊಳ್ಳಿ.

ಮೊದಲ ಸಲ ಆದದ್ದು ಹೊಲದಲ್ಲಿ. ನಾನು, ಪಕ್ಕದ ಮನೆಯ ಖುಷ್ಬೂ ಇಬ್ಬರೂ ಒಣಗಿದ ತೊಗರಿ ಕಟ್ಟಿಗೆ ಆಯುತ್ತಿದ್ದೆವು. ಇದ್ದಕ್ಕಿದ್ದಂತೆ ಸುಟ್ಟ ಬೆಲ್ಲದ ವಾಸನೆ ಬಂತು. ಅಲ್ಲಿ ಒಲೆಯೂ ಇರಲಿಲ್ಲ, ಬೆಲ್ಲವೂ ಇರಲಿಲ್ಲ. ಆಮೇಲೆ ಎಲ್ಲವೂ ಹತ್ತಿರ ಬಂತು. ಬದುವಿನ ಮೇಲಿನ ಬೇವಿನ ಗಿಡ, ದೂರದ ಟ್ರ್ಯಾಕ್ಟರ್ ಸದ್ದು, ನನ್ನ ಕೈಯೊಳಗಿನ ಕಟ್ಟಿಗೆ, ಎಲ್ಲವೂ ನನ್ನನ್ನೇ ಕಾಯುತ್ತಿದ್ದ ಹಾಗೆ. ನಾನು ಏನನ್ನೋ ನೋಡಿದೆ ಎನ್ನಲಾರೆ ಮಾಮಾ. ನನ್ನನ್ನು ಯಾರೋ ನೋಡಿದರು. ನನ್ನೊಳಗಿನ ಕೆಟ್ಟದ್ದನ್ನೂ ನೋಡಿ, ಇರಲಿ ಎಂದರು. ಅಂಥ ಸುಖ ಇರುತ್ತದೆ ಎಂಬುದೇ ನನಗೆ ಗೊತ್ತಿರಲಿಲ್ಲ. ಕಣ್ಣು ಬಿಟ್ಟಾಗ ಮಣ್ಣಿನಲ್ಲಿ ಬಿದ್ದಿದ್ದೆ. ಖುಷ್ಬೂ ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅಳುತ್ತಿದ್ದಳು.

ಆಮೇಲೆ ಮನೆಯಲ್ಲೂ ಆಯಿತು. ಅವ್ವ "ದೇವಿ ಬಂದಾಳ, ಕಾಲಿಗಿ ನೀರು ಹಾಕ್ರಿ" ಎಂದಳು. ಅಪ್ಪ "ದೇವಿ ಬಂದ್ರ ಬಾಯಾಗ ನೊರಿ ಯಾಕ ಬರ್ತದ?" ಎಂದು ಸಿಟ್ಟಿಗೆದ್ದರು.

ಮನುಷ್ಯನಿಗೆ ದೇವರು ತಿಳಿಯುತ್ತಾನೋ ಇಲ್ಲವೋ ಎಂಬುದನ್ನೇ ನೀವು ಕಾಲೇಜಿನಲ್ಲಿ ಕಲಿಸುತ್ತ ಬಂದವರು. ಅದಕ್ಕೇ ನಿಮ್ಮನ್ನು ಕೇಳುತ್ತಿದ್ದೇನೆ. ನನಗೆ ಬಂದದ್ದು ದೇವರೇ? ಅಥವಾ ನನಗೇನಾದರೂ ರೋಗವೇ?

ನಿಮ್ಮ ಮಗಳಂಥವಳು,
ಸಾನಿಕಾ


ಬೀದರ
2 ಜುಲೈ 2023

ಚಿ. ಸಾನಿಕಾಳಿಗೆ ಮಾಮಾನ ಆಶೀರ್ವಾದಗಳು.

ನಿನ್ನ ಪತ್ರವನ್ನು ಎಷ್ಟು ಸಲ ಓದಿದೆನೋ. ನಿನ್ನ ಮಾಮಿ ಮಂಜಿರಿ "ಯಾರ ಪತ್ರ ಅದು, ಪರೀಕ್ಷಿ ಪೇಪರ್ ಹಿಡದಂಗ ಹಿಡದೀರಿ?" ಎಂದು ನಕ್ಕಳು. ನಾನು ಹೇಳಲಿಲ್ಲ. ನೀನೂ ಯಾರಿಗೂ ಹೇಳಬೇಡ.

ದೇವರನ್ನು ತಿಳಿಯುವ ದಾರಿಗಳ ಬಗ್ಗೆ ನಾನು ತರಗತಿಯಲ್ಲಿ ಹೇಳುವುದಿಷ್ಟು. ಹೊಗೆ ಕಂಡು ಬೆಂಕಿಯನ್ನು ಊಹಿಸುವಂತೆ, ಜಗತ್ತನ್ನು ಕಂಡು ಅದನ್ನು ಮಾಡಿದವನನ್ನು ಊಹಿಸಬಹುದು. ಆದರೆ ಪ್ರತಿ ತರ್ಕಕ್ಕೂ ಎದುರು ತರ್ಕ ಇದೆ. ಹಾಗಾದರೆ ಕಂಡವರ ಮಾತನ್ನು ನಂಬಬಹುದು. ಆದರೆ ಕಂಡವರೆಲ್ಲ ಸತ್ತುಹೋಗಿದ್ದಾರೆ, ಅವರನ್ನು ಮರುಪ್ರಶ್ನೆ ಕೇಳುವಂತಿಲ್ಲ. ಉಳಿದದ್ದು ಸ್ವತಃ ಕಾಣುವುದು. ಅದು ನನ್ನ ಪಾಲಿಗೆ ಬರಲಿಲ್ಲ. ನೀನು ಕಂಡವಳು, ಬದುಕಿದ್ದೀ, ನನ್ನ ಅಕ್ಕನ ಮನೆಯಲ್ಲೇ ಇದ್ದೀ. ಇದು ಎಂಥ ಭಾಗ್ಯ ಎಂಬುದು ನಿನಗೆ ಗೊತ್ತಿಲ್ಲ.

ನನ್ನ ಜೊತೆ ಕಲಿಸುವ ಮಚ್ಛೇಂದ್ರ ಬೌದ್ಧ ಧರ್ಮದವರು. "ದೇವರು ಅದಾನೋ ಇಲ್ಲೋ ಅಂತ ಕೇಳಬ್ಯಾಡ್ರಿ ಸರ್, ಯಾರಿಗಿ ಏನು ನೋವದ ಅದನ್ನ ಕೇಳ್ರಿ" ಎನ್ನುತ್ತಾರೆ. ಒಳ್ಳೆಯ ಮನುಷ್ಯ. ಆದರೆ ಆ ದಾರಿಯಲ್ಲಿ ಹೋದರೆ ನಮ್ಮ ತತ್ವಶಾಸ್ತ್ರ ಒಂದು ಹೆಜ್ಜೆಯೂ ಮುಂದೆ ಹೋಗದು.

ರೋಗ ಎಂಬ ಮಾತನ್ನು ಅವಸರದಿಂದ ಆಡಬಾರದು. ಪ್ರತಿ ಸಲ ಆದದ್ದನ್ನು ಅಂದೇ ಬರೆದು ಕಳಿಸು. ವಾಸನೆ ಮೊದಲೋ, ಆ ನೋಟ ಮೊದಲೋ? ಎದ್ದಾಗ ನಾಲಿಗೆಗೆ ಹಲ್ಲು ತಾಕಿ ಗಾಯವಾಗಿರುತ್ತದೆಯೇ? ಬಟ್ಟೆ ಒದ್ದೆಯಾಗಿರುತ್ತದೆಯೇ? ಇದು ಸುಮ್ಮನೆ ಶಾಸ್ತ್ರಕ್ಕಾಗಿ ಕೇಳುತ್ತಿದ್ದೇನೆ, ನಾಚಬೇಡ.

ಮಂಗೇಶ ಮಾಮಾ


ಸಾಯಗಾಂವ
10 ಸೆಪ್ಟೆಂಬರ್ 2023

ಪೂಜ್ಯ ಮಾಮಾ ಅವರಿಗೆ ನಮಸ್ಕಾರಗಳು.

ನೀವು ಕೇಳಿದ ಎರಡೂ ಹೌದು. ನಾಲಿಗೆ ಹೇಗೆ ಗೊತ್ತಾಯಿತು ನಿಮಗೆ? ಎರಡನೆಯದನ್ನು ಬರೆಯಲು ನಾಚಿಕೆಯಾಯಿತು, ಆದರೂ ನೀವು ಕೇಳಿದಿರೆಂದು ಬರೆದಿದ್ದೇನೆ.

ಈ ಸಲ ಬಾವಿಯ ಹತ್ತಿರ ಆಯಿತು. ಖುಷ್ಬೂ ಸೆರಗು ಹಿಡಿದು ಎಳೆಯದಿದ್ದರೆ ಒಳಗೆ ಬೀಳುತ್ತಿದ್ದೆ. ಅಪ್ಪನಿಗೆ ಹೆದರಿಕೆ ಹತ್ತಿದೆ. "ಬೀದರಿಗಿ ಹೋಗಿ ದೊಡ್ಡ ಡಾಕ್ಟರಿಗಿ ತೋರಸೂನು. ಮೊದಲ ನಿಮ್ಮ ಮಾಮಾಗ ಕೇಳು, ಆಂವ ಓದಿದಾಂವ" ಎಂದರು. ಅವ್ವನೂ ನಿಮ್ಮ ಮಾತಿಗೆ ಕಾಯುತ್ತಿದ್ದಾಳೆ. ನೀವು ಬಾ ಎಂದರೆ ನಾಳೆಯೇ ಬಸ್ಸು ಹತ್ತುತ್ತೇವೆ.

ನನಗೂ ಬರಬೇಕು ಅನಿಸುತ್ತದೆ. ಬಾವಿಯ ಹತ್ತಿರ ಹೋದರೆ ಖುಷ್ಬೂಳ ಕೈ ಬಿಡುವುದಿಲ್ಲ.

ಸಾನಿಕಾ


ಬೀದರ
1 ಅಕ್ಟೋಬರ್ 2023

ಚಿ. ಸಾನಿಕಾ, ಆಶೀರ್ವಾದಗಳು.

ನಿಮ್ಮ ಅಪ್ಪನಿಗೆ ಈ ಸಾಲು ಓದಿ ಹೇಳು: ಇಲ್ಲಿಯ ನರರೋಗದ ಡಾಕ್ಟರೊಬ್ಬರನ್ನು ನಾನೇ ಕಂಡು ವಿಚಾರಿಸಿದ್ದೇನೆ. ಗಾಬರಿಯಾಗುವಂಥದ್ದು ಏನೂ ಇಲ್ಲ, ಈ ವಯಸ್ಸಿನಲ್ಲಿ ರಕ್ತ ಕಡಿಮೆಯಾದರೆ ಹೀಗಾಗುತ್ತದೆ, ತಾನೇ ಹೋಗುತ್ತದೆ ಎಂದಿದ್ದಾರೆ. ಕಷ್ಟಪಟ್ಟು ಇಲ್ಲಿಯವರೆಗೆ ಬರುವ ಅವಶ್ಯಕತೆ ಇಲ್ಲ.

ಇನ್ನು ಇದು ನಿನಗೆ ಮಾತ್ರ. ಡಾಕ್ಟರಿಗೆ ಎಲ್ಲವೂ ನರ, ಎಲ್ಲವೂ ಗುಳಿಗೆ. ಕಿಟಕಿಯಿಂದ ಬೆಳಕು ಬಂದರೆ ಅವರು ಕಿಟಕಿಯ ಅಳತೆ ತೆಗೆದುಕೊಂಡು, ಬೆಳಕಿನ ಮಾತು ಮುಗಿಯಿತು ಎನ್ನುತ್ತಾರೆ. ಒಮ್ಮೆ ಗುಳಿಗೆ ನುಂಗಿದರೆ ಆ ಕಿಟಕಿ ಮತ್ತೆ ತೆರೆಯುವುದಿಲ್ಲ. ಇಡೀ ಜನ್ಮ ಅದಕ್ಕಾಗಿ ತಪಸ್ಸು ಮಾಡಿದವರಿಗೂ ಸಿಗದ್ದು ನಿನಗೆ ಸಿಕ್ಕಿದೆ. ಕಳೆದುಕೊಳ್ಳುತ್ತೀಯಾ? ನೀನೇ ಯೋಚಿಸು.

ನಾನೊಂದು ಪುಸ್ತಕ ಬರೆಯುತ್ತಿದ್ದೇನೆ. ನಿನ್ನ ಹೆಸರು ಬರುವುದಿಲ್ಲ.

ಬಾವಿಗೆ ಒಬ್ಬಳೇ ಹೋಗಬೇಡ.

ಮಾಮಾ


ಸಾಯಗಾಂವ
20 ಡಿಸೆಂಬರ್ 2023

ಪೂಜ್ಯ ಮಾಮಾ ಅವರಿಗೆ,

ನಿಮ್ಮ ಮಾತು ಕೇಳಿ ಅಪ್ಪ ಸುಮ್ಮನಾದರು. ಅವ್ವ ದಿನಾಲೂ ಬೀಟ್‌ರೂಟ್ ಕುದಿಸಿ ಕೊಡುತ್ತಾಳೆ. ದೀಪಾವಳಿಯಿಂದ ಈಚೆಗೆ ಏನೂ ಆಗಿಲ್ಲ. ಬರೆಯುವಂಥದ್ದು ಇಲ್ಲವೆಂದು ಬರೆಯಲಿಲ್ಲ. ಆದರೆ ನಿಮಗೆ ಬರೆಯುವುದು ರೂಢಿಯಾಗಿ ಬಿಟ್ಟಿದೆ. ಈ ಮನೆಯಲ್ಲಿ ನನ್ನನ್ನು ಇಷ್ಟು ಪ್ರಶ್ನೆ ಕೇಳುವವರು ಬೇರೆ ಯಾರಿದ್ದಾರೆ?

ತೊಗರಿ ಚೆನ್ನಾಗಿ ಬಂದಿದೆ. ಖುಷ್ಬೂಳ ಮದುವೆ ನಿಶ್ಚಯವಾಯಿತು. ಔರಾದ ಕಡೆಯ ಒಬ್ಬರು ನನ್ನನ್ನು ನೋಡಲು ಬರುವವರಿದ್ದಾರೆ. ನಿಂತುಹೋದ ಬಿ.ಎ. ಮತ್ತೆ ಮುಗಿಸಲೇ ಎಂದು ಕೇಳಬೇಕಿತ್ತು. ನೀವು ಹೇಳಿದರೆ ಅಪ್ಪ ಒಪ್ಪುತ್ತಾರೆ.

ಸಾನಿಕಾ


ಬೀದರ
9 ಜನವರಿ 2024

ಸಾನಿಕಾ,

ಪತ್ರ ತಲುಪಿತು. ಹೊಸದೇನೂ ಇಲ್ಲದಿದ್ದರೆ ಬರೆಯುವ ತೊಂದರೆ ತೆಗೆದುಕೊಳ್ಳಬೇಡ. ನನಗೂ ಕೆಲಸದ ಒತ್ತಡವಿದೆ.

ಮಂಗೇಶ


ಸಾಯಗಾಂವ
4 ಫೆಬ್ರುವರಿ 2024

ಪೂಜ್ಯ ಮಾಮಾ ಅವರಿಗೆ ನಮಸ್ಕಾರಗಳು.

ನಿನ್ನೆ ಆಯಿತು. ಇದುವರೆಗಿನ ಯಾವುದಕ್ಕೂ ಇದನ್ನು ಹೋಲಿಸಲಾಗದು.

ದನದ ಕೊಟ್ಟಿಗೆಯಲ್ಲಿದ್ದೆ. ಎಮ್ಮೆ ತಲೆಯೆತ್ತಿ ನನ್ನ ಬೆನ್ನ ಹಿಂದೆ ನೋಡಿತು. ನಾನು ತಿರುಗಲಿಲ್ಲ. ತಿರುಗಿದರೆ ಹೋಗಿಬಿಡುತ್ತದೆ ಎಂದು ಗೊತ್ತಿತ್ತು. ಈ ಸಲ ಅದು ಮಾತನಾಡಿತು. ಕನ್ನಡವಲ್ಲ, ಮರಾಠಿಯಲ್ಲ, ಆದರೂ ತಿಳಿಯಿತು. "ನೀನು ನನ್ನನ್ನು ಹುಡುಕಬೇಡ. ಹುಡುಕುವ ಕಣ್ಣಿನ ಒಳಗೆ ನಿಂತು ನಾನೇ ನಿನ್ನನ್ನು ಹುಡುಕುತ್ತಿದ್ದೇನೆ" ಎಂದಿತು. ನಾನು ಅತ್ತೆ. ಎದ್ದಾಗ ಎಮ್ಮೆ ನನ್ನ ಕೂದಲು ನೆಕ್ಕುತ್ತಿತ್ತು.

ನೀವು ಸಿಟ್ಟಾಗಿದ್ದೀರಾ?

ಸಾನಿಕಾ


ಬೀದರ
12 ಫೆಬ್ರುವರಿ 2024

ನನ್ನ ಮುದ್ದಿನ ಮಗಳೇ,

ಸಿಟ್ಟೇಕೆ? ನೀನು ನನ್ನ ಕಣ್ಣು. ಆ ಒಂದು ವಾಕ್ಯವನ್ನು ಓದಿ ನಾನು ಕುರ್ಚಿಯಿಂದ ಎದ್ದು ನಿಂತೆ. ಮನುಷ್ಯ ದೇವರನ್ನು ತಿಳಿಯಲಾರ, ಏಕೆಂದರೆ ತಿಳಿಯುವವನೇ ದೇವರು ಎಂಬುದನ್ನು ಸಾವಿರ ಪುಟದಲ್ಲಿ ಹೇಳಲಾಗದವರಿದ್ದಾರೆ. ನೀನು ಸಗಣಿ ಬಳಿಯುವ ಜಾಗದಲ್ಲಿ ನಿಂತು ಹೇಳಿದೆ. ಪುಸ್ತಕದ ಮೊದಲ ಪುಟದಲ್ಲಿ ಅದೊಂದೇ ವಾಕ್ಯ ಇರುತ್ತದೆ.

ಈ ಪತ್ರದ ಜೊತೆ ಒಂದು ಇಳಕಲ್ ಸೀರೆ ಕಳಿಸುತ್ತಿದ್ದೇನೆ. ಬಿ.ಎ. ವಿಷಯ ನಿಮ್ಮ ಅಪ್ಪನ ಜೊತೆ ಮಾತನಾಡುತ್ತೇನೆ. ನೀನು ಬರೆಯುತ್ತಿರು.

ನಿನ್ನ ಮಾಮಾ


ಸಾಯಗಾಂವ
15 ಏಪ್ರಿಲ್ 2024

ಪೂಜ್ಯ ಮಾಮಾ ಅವರಿಗೆ,

ಸೀರೆ ಉಟ್ಟುಕೊಂಡೇ ಅವರ ಮುಂದೆ ಕುಳಿತೆ. ಔರಾದ ಕಡೆಯವರು ಎಂದು ಬರೆದಿದ್ದೆನಲ್ಲ, ಅವರೇ, ಡಾಬಕಾ ಊರಿನವರು. ಹುಡುಗನ ಹೆಸರು ಮಂದಾರ. ನಿಮ್ಮ ಬೀದರದ ಧಾನ್ಯದ ಪೇಟೆ ಗಾಂಧಿ ಗಂಜದಲ್ಲೇ ದಲ್ಲಾಳಿಯೊಬ್ಬರ ಅಡತಿ ಅಂಗಡಿಯಲ್ಲಿ ಕೆಲಸ, ವಾರಕ್ಕೊಮ್ಮೆ ಊರಿಗೆ ಬರುತ್ತಾನಂತೆ. ನನ್ನ ಜೊತೆ ಮಾತನಾಡುವಾಗ ನೆಲ ನೋಡುತ್ತಿದ್ದ. ನನಗೆ ಇಷ್ಟವಾಯಿತು.

ಅವರಿಗೆ ಹೇಳಬೇಕಲ್ಲವೇ ಮಾಮಾ? ಈ ತಿಂಗಳು ಎರಡು ಸಲ ಬಿದ್ದೆ, ಅದರಲ್ಲಿ ಬೆಳಕೂ ಇರಲಿಲ್ಲ, ಏನೂ ಇರಲಿಲ್ಲ, ಬರೀ ತಲೆನೋವು. ಅಪ್ಪ ಹೇಳೋಣ ಎನ್ನುತ್ತಾರೆ. ಅವ್ವ "ಹೇಳಿದ್ರ ಯಾರು ಮಾಡ್ಕೋತಾರ? ಮಂಗೇಶ ಏನಂತಾನ ನೋಡೂನು" ಎನ್ನುತ್ತಾಳೆ.

ಸಾನಿಕಾ


ಬೀದರ
22 ಏಪ್ರಿಲ್ 2024

ಚಿ. ಸಾನಿಕಾ, ಆಶೀರ್ವಾದಗಳು.

ಹೇಳಿದರೆ ಅವರು ಮೊದಲು ಡಾಕ್ಟರ ಬಳಿ ಕರೆದೊಯ್ಯುತ್ತಾರೆ. ಅಲ್ಲಿಗೆ ಎಲ್ಲ ಮುಗಿಯಿತು. ಪುಸ್ತಕದ ಕೊನೆಯ ಅಧ್ಯಾಯ ಇನ್ನೂ ಬಾಕಿ ಇದೆ. ಮದುವೆಯಾದ ಮೇಲೆ ಇವು ತಾವಾಗಿ ಕಡಿಮೆಯಾಗುವುದೂ ಉಂಟು. ನಿಮ್ಮ ಅಪ್ಪನಿಗೆ ನಾನು ಫೋನ್ ಮಾಡಿ ಹೇಳಿದ್ದೇನೆ. ಒಪ್ಪಿದ್ದಾರೆ.

ಮದುವೆಗೆ ನಾವಿಬ್ಬರೂ ಬರುತ್ತೇವೆ. ಡಾಬಕಾದಿಂದಲೂ ಬರೆ.

ಮಾಮಾ


ಬೀದರ
3 ಡಿಸೆಂಬರ್ 2024

ಚಿ. ಸೌ. ಸಾನಿಕಾಳಿಗೆ ಆಶೀರ್ವಾದಗಳು.

ನೀನು ಡಾಬಕಾದ ಅಡುಗೆಮನೆಯಲ್ಲಿ ಬಿದ್ದು, ಕುದಿಯುವ ಬೇಳೆ ಮೈಮೇಲೆ ಬಿತ್ತೆಂದು ಅಕ್ಕ ಫೋನಿನಲ್ಲಿ ಅತ್ತಳು. ಕೇಳಿ ದುಃಖವಾಯಿತು. ಇಲ್ಲಿಯ ಆಸ್ಪತ್ರೆಯಲ್ಲೇ ಇದ್ದೀ ಎಂದು ಗೊತ್ತಾಯಿತು. ನೋಡಲು ಬರಬೇಕೆಂದಿದ್ದೆ, ಆದರೆ ಪುಸ್ತಕದ ಕರಡು ತಿದ್ದುವ ಕೆಲಸ ಬಿಡುವಂತಿರಲಿಲ್ಲ. ಈಗ ಅಚ್ಚಾಗಿದೆ. ಒಂದು ಪ್ರತಿ ಈ ಪತ್ರದ ಜೊತೆ ಮಾಮಿಯ ಕೈಯಲ್ಲಿ ಕಳಿಸಿದ್ದೇನೆ. ಆರನೆಯ ಅಧ್ಯಾಯ ನಿನ್ನದು, "ಒಬ್ಬ ಗ್ರಾಮೀಣ ಯುವತಿಯ ಸಾಕ್ಷ್ಯ". ಹೆಸರು ಹಾಕಿಲ್ಲ.

ಒಂದೇ ಮಾತು ಕೇಳುತ್ತೇನೆ, ತಪ್ಪು ತಿಳಿಯಬೇಡ. ಈ ಸಲ ಬೀಳುವ ಮುನ್ನ ಏನು ಕಂಡೆ? ಅಷ್ಟು ನೋವಿನ ಅಂಚಿನಲ್ಲೂ ಅದು ಇತ್ತೇ? ಎರಡನೆಯ ಮುದ್ರಣದಲ್ಲಿ ಸೇರಿಸಬಹುದು. ಮರೆಯುವ ಮೊದಲು ಬರೆ.

ಮಾಮಾ


ಸಾಯಗಾಂವ
19 ಜನವರಿ 2025

ಮಾಮಾ ಅವರಿಗೆ,

ಬಲಗೈ ಚೆನ್ನಾಗಿದೆ, ಆದ್ದರಿಂದ ಬರೆಯಬಲ್ಲೆ. ಎಡಗೈಯ ಬೆರಳುಗಳು ಒಂದಕ್ಕೊಂದು ಅಂಟಿಕೊಂಡಿವೆ. ಎಡಗೆನ್ನೆಯ ಚರ್ಮ ಎಳೆದುಕೊಂಡು, ಬಾಯಿ ಆ ಕಡೆ ಪೂರ್ತಿ ಮುಚ್ಚುವುದಿಲ್ಲ. ನೀರು ಕುಡಿದರೆ ಸೋರುತ್ತದೆ.

ಡಾಬಕಾದಲ್ಲಿ ಮೊದಲ ದಿನ ಅತ್ತೆ ಔಷಧ ಹಚ್ಚಿದರು. ಆಮೇಲೆ ಯಾರೋ ಅವರಿಗೆ "ಇದು ಫಿಟ್ಸ್, ಹೊಸದಲ್ಲ" ಎಂದರು. ಅತ್ತೆ ಓಣಿಯವರೆಲ್ಲ ಕೇಳುವಂತೆ ಅಂದರು: "ಗಂಜದಾಗ ತೊಗರಿ ತಗೊಳಾವ್ರು ಚೀಲಕ್ಕ ಕೈ ಹಾಕಿ ಹಿಡಿ ತಗದು ನೋಡ್ತಾರ. ನಾವು ಸೀರಿ ನೋಡಿ ತಂದೆವು." ಮಂದಾರ ಹಾಗೆ ಕಿರುಚಲಿಲ್ಲ. ಆಸ್ಪತ್ರೆಗೆ ಬಂದು ಮಂಚದ ಹತ್ತಿರ ಕುಳಿತು ಹೇಳಿದ: "ಮೊದಲ ಹೇಳಿದ್ರ ಗುಳಿಗಿ ಕೊಡಿಸಿ ಸಂಸಾರ ನಡಸ್ತಿದ್ದೆ. ನಮ್ಮ ಕಾಕಾಗೂ ಅದ, ಅವರಿಗಿ ನಾಕು ಮಕ್ಕಳು. ನೀವೆಲ್ಲಾರೂ ಕೂಡಿ ನನಗ ಸುಳ್ಳು ಹೇಳೀರಿ. ಅದಕ್ಕ ಬ್ಯಾಡ." ಹೋಗುವಾಗಲೂ ನೆಲ ನೋಡುತ್ತಿದ್ದ.

ಹೊಸ ವರ್ಷದ ಮೊದಲ ವಾರ ಸುಟ್ಟಗಾಯದ ವಾರ್ಡಿನವರು ನನ್ನನ್ನು ನರರೋಗದ ಡಾಕ್ಟರ ಬಳಿ ಕಳಿಸಿದರು. ಡಾಕ್ಟರ್ ಬದ್ರೋದ್ದೀನ ಅಂತ, ವಯಸ್ಸಾದವರು. ಅಪ್ಪ, ಅವ್ವ ಇಬ್ಬರೂ ಜೊತೆಗಿದ್ದರು. ಸುಟ್ಟ ಬೆಲ್ಲದ ವಾಸನೆ ಎಂದ ಕೂಡಲೇ ಅವರು ಬರೆಯುವುದನ್ನು ನಿಲ್ಲಿಸಿದರು.

"ಎಲ್ಲಿಯಾಕಿ ಅವ್ವಾ ನೀನು? ಸಾಯಗಾಂವ್? ಒಬ್ಬರು ಪ್ರೊಫೆಸರ್ ಸಾಬ್ ಬಂದಿದ್ರು, ಹೋದ್ ವರ್ಷ ಅಲ್ಲ, ಅದರ ಹಿಂದಿನ ವರ್ಷ. ಇದೇ ಮಾತು ಹೇಳಿದ್ರು. ಇದು ಪಕ್ಕಾ ಫಿಟ್ಸ್ ಅದ, ಜಲ್ದಿ ಕರಕೊಂಡು ಬರ್ರಿ, ಬೆಂಕಿ ಹತ್ರ ನೀರಿನ ಹತ್ರ ಬಿಡಬ್ಯಾಡ್ರಿ ಅಂದಿದ್ದೆ. ಆ ಹುಡುಗಿ ನೀನೇ ಏನು? ಇಷ್ಟು ದಿನ ಎಲ್ಲಿದ್ದಿ?"

ಅಪ್ಪ ಅವ್ವನ ಮುಖ ನೋಡಿದರು. "ನಿನ್ನ ತಮ್ಮ" ಎಂದರು, ಅಷ್ಟೇ.

ಗುಳಿಗೆ ತೆಗೆದುಕೊಳ್ಳುತ್ತಿದ್ದೇನೆ. ನೀವು ಹೇಳಿದ್ದು ನಿಜ, ಈಗ ಏನೂ ಬರುವುದಿಲ್ಲ. ಬೇವಿನ ಗಿಡ ಬೇವಿನ ಗಿಡವೇ. ಒಮ್ಮೊಮ್ಮೆ ಅದರ ಕೆಳಗೆ ಕುಳಿತು ಕಾಯುತ್ತೇನೆ. ನನ್ನನ್ನು ಅಷ್ಟು ಬಲ್ಲವರು ಈಗ ಯಾರೂ ಇಲ್ಲ. ಇದು ನಿಮಗೆ ಖುಷಿ ಕೊಡಲೆಂದು ಬರೆದದ್ದಲ್ಲ.

ನಿಮ್ಮ ಪುಸ್ತಕ ಓದಿದೆ. ಕಾಗದ ಒಳ್ಳೆಯದಿದೆ. ಆರನೆಯ ಅಧ್ಯಾಯದಲ್ಲಿ ನನ್ನ ಪತ್ರದ ಮಾತುಗಳೆಲ್ಲ ಇವೆ, ನಾಚಿಕೊಂಡು ಬರೆದದ್ದೂ ಇದೆ. ಒಂದು ವಿಷಯ ನಿಮಗೆ ಗೊತ್ತಿಲ್ಲ. ಏನೂ ಆಗಿಲ್ಲ ಎಂದು ಬರೆದಾಗ ನೀವು ನನ್ನ ಹೆಸರಿನ ಮೊದಲಿನ "ಚಿ." ಕೂಡ ತೆಗೆದುಬಿಟ್ಟಿರಿ. ಬೆಳಕು ಬಂತು ಎಂದು ಬರೆದರೆ ಮುದ್ದಿನ ಮಗಳಾಗುತ್ತಿದ್ದೆ. ಅದಕ್ಕೆ ಕೆಲವನ್ನು ನಾನೇ ಕಟ್ಟಿ ಬರೆದೆ. ಕೆಲವು ನಿಜವಾಗಿ ಆದವು. ಆ ಅಧ್ಯಾಯದಲ್ಲಿ ಎರಡೂ ಬೆರೆತಿವೆ. ಯಾವುದು ಯಾವುದೆಂದು ನಾನು ಹೇಳುವುದಿಲ್ಲ.

ಸಾನಿಕಾ


ಬೀದರ
6 ಫೆಬ್ರುವರಿ 2025

ಪ್ರೀತಿಯ ಸಾನಿಕಾ,

ಸಿಟ್ಟಿನಲ್ಲಿ ಬರೆದಿದ್ದೀ ಎಂದು ನಂಬಿದ್ದೇನೆ.

ಪುಸ್ತಕ ಬಿಡುಗಡೆಯಾಯಿತು. ಎಲ್ಲರೂ ನಿನ್ನ ಅಧ್ಯಾಯವನ್ನೇ ಹೊಗಳಿದರು. ಮಚ್ಛೇಂದ್ರ ಮಾತ್ರ ಎದ್ದು ನಿಂತು "ಆ ಹುಡುಗಿ ಈಗ ಹ್ಯಾಂಗ ಅದಾಳ್ರಿ ಸರ್?" ಎಂದು ಕೇಳಿದರು. ಚೆನ್ನಾಗಿದ್ದಾಳೆ ಎಂದೆ. ಬೇರೆ ಏನು ಹೇಳಲಿ? ಮಾಮಿಗೆ ಡಾಕ್ಟರ ವಿಷಯ ಅಕ್ಕನಿಂದ ಗೊತ್ತಾಗಿದೆ. ಆಕೆ ಮಾತು ಬಿಟ್ಟಿದ್ದಾಳೆ.

ಚಿಕ್ಕವನಿದ್ದಾಗ ನಿನ್ನ ಅಜ್ಜನ ಜೊತೆ ಪಂಢರಪುರಕ್ಕೆ ನಡೆದು ಹೋಗಿದ್ದೆ. ಸುತ್ತಲಿನವರೆಲ್ಲ ವಿಠ್ಠಲನನ್ನು ಕಂಡು ಅಳುತ್ತಿದ್ದರು. ನನಗೆ ಕಾಲು ನೋಯುತ್ತಿತ್ತು, ಕಲ್ಲು ಕಂಡಿತು, ಅಷ್ಟೇ. ನಾನೂ ಅತ್ತಂತೆ ಮಾಡಿದೆ. ಅಂದಿನಿಂದ ಕಾಯುತ್ತಿದ್ದೇನೆ. ಕಲಿತೆ, ಕಲಿಸಿದೆ, ಒಂದು ಸಲವೂ ಏನೂ ಬರಲಿಲ್ಲ. ನಿನಗೆ ಬಂತು. ನಿನ್ನ ಮೂಲಕವಾದರೂ ನನಗೆ ಬರಬಹುದು ಎಂದುಕೊಂಡೆ.

ಬೇರೆ ಎಲ್ಲ ಸುಳ್ಳಾಗಿರಲಿ. ಕೊಟ್ಟಿಗೆಯಲ್ಲಿ ಕೇಳಿದ ಆ ಒಂದು ವಾಕ್ಯ, ಅದು ನಿಜವೇ? ಹೌದು ಅಥವಾ ಅಲ್ಲ, ಒಂದು ಪದ ಬರೆ. ಒಲೆಯ ಮುಂದೆ ಏನು ಕಂಡೆ ಎಂಬುದನ್ನೂ ಹೇಳು. ಕೈಮುಗಿದು ಕೇಳುತ್ತೇನೆ.

ಮಂಗೇಶ


ಸಾಯಗಾಂವ
2 ಮಾರ್ಚ್ 2025

ಮಂಗೇಶ ಅವರಿಗೆ,

ಈ ಪತ್ರದಲ್ಲೂ ನೀವು ನನ್ನ ಕೈ ಹೇಗಿದೆ ಎಂದು ಕೇಳಿಲ್ಲ.

ಕೊಟ್ಟಿಗೆಯ ಮಾತು ನಿಜವೆಂದು ನಾನು ಬರೆದರೆ, ಕನಿಕರದಿಂದ ಬರೆದಳೇ ಎಂದು ನಿಮಗೆ ಅನುಮಾನ. ಸುಳ್ಳೆಂದು ಬರೆದರೆ, ದ್ವೇಷದಿಂದ ಬರೆದಳೇ ಎಂದು ಅನುಮಾನ. ಆದ್ದರಿಂದ ಬರೆಯುವುದಿಲ್ಲ. ಮೊದಲ ಪುಟ ತೆರೆದಾಗಲೆಲ್ಲ ನೀವೇ ಯೋಚಿಸಿ. ನಿಮಗೆ ಯೋಚಿಸುವುದು ಇಷ್ಟ.

ಒಲೆಯ ಮುಂದೆ ಬೀಳುವ ಮುನ್ನ ಕಂಡೆ. ಹಿಂದೆಂದೂ ಹಾಗೆ ಕಂಡಿರಲಿಲ್ಲ. ಮೊನ್ನೆ ಅವ್ವ ನನ್ನ ಬೆರಳುಗಳಿಗೆ ಕೊಬ್ಬರಿಎಣ್ಣೆ ಹಚ್ಚುತ್ತ "ಭಾಳ ನೋಯ್ತದೇನ ಸಾನಿಕಾ?" ಎಂದು ಕೇಳಿದಳು. ಆಕೆಗೆ ಎಲ್ಲವನ್ನೂ ಹೇಳಿದೆ, ಮೊದಲಿನಿಂದ ಕೊನೆಯವರೆಗೆ. ಅವ್ವ ಎಣ್ಣೆಯ ಕೈ ಹಾಗೇ ಹಿಡಿದು ಕುಳಿತಳು. "ಹಂಗಿರ್ತಾನೇನು ಆಂವ?" ಎಂದಳು. ಹೌದು ಎಂದೆ. ಆಮೇಲೆ ಇಬ್ಬರೂ ಊಟ ಮಾಡಿದೆವು.

ಆಕೆಯನ್ನು ಕೇಳಲು ಬರಬೇಡಿ. ನಿಮಗೆ ಹೇಳುವುದಿಲ್ಲವೆಂದು ನನ್ನ ಸುಟ್ಟ ಕೈ ಮುಟ್ಟಿಸಿ ಆಣೆ ಮಾಡಿಸಿಕೊಂಡಿದ್ದೇನೆ.

ಸಾನಿಕಾ